ಪ್ರೋಟೀನುಗಳ ಸಂಯೋಗವೂ ಅಂಗಾಂಶಭೇದವೂ

ಮನುಷ್ಯಶರೀರದ ಜೀವಕೋಶಗಳಲ್ಲಿ, ಪಕ್ವವಾದ ಕೆಂಪು ರಕ್ತಕಣಗಳೇ ಮೊದಲಾದ ಕೆಲವನ್ನು ಬಿಟ್ಟರೆ, ಜೀನುಗಳ ಸಂಪತ್ತು ಬಹುಮಟ್ಟಿಗೆ ಒಂದೇ ಆಗಿರುವುದು. ಸುಮಾರು 20,000 ಜೀನುಗಳು ಪ್ರೋಟೀನುಗಳ ರಚನೆಯನ್ನು ನಿಯಮಿಸುವುವು. ಹೀಗಿದ್ದರೂ ಯಕೃತ್ತಿನ ಧರ್ಮವು ಮಿದುಳಿಗಿಲ್ಲ. ಒಂದೊಂದು ಅಂಗಾಂಶದಲ್ಲಿ ಒಂದೊಂದು ಬಗೆಯ ಪ್ರೋಟೀನುಗಳು ಹೆಚ್ಚಾಗಿ ಹುಟ್ಟುವುದು ಇದಕ್ಕೆ ಒಂದು ಕಾರಣ. ಆದರೆ ಎಲ್ಲೆಡೆಯೂ ಇರುವ ಪ್ರೋಟೀನು ಸಹ, ಜೊತೆಗೂಡುವ ಪ್ರೋಟೀನು ಬೇರೆಯಾದರೆ, ಬೇರೆ ಕಾರ್ಯವನ್ನು ಮಾಡುವುದುಂಟು. ‘ಹಿಡಿ’ ಎಂಬ ಧಾತುವು ಮಳೆಯೊಡನೆ ಒಂದರ್ಥವನ್ನೂ ದಾರಿಯೊಡನೆ ಮತ್ತೊಂದರ್ಥವನ್ನೂ ಕೊಡುವಂತೆ ಇದನ್ನು ತಿಳಿಯಬಹುದು.

ಇದಕ್ಕೆ ತಾಯಿಯ ಹಾಲೇ ಉತ್ತಮ ನಿದರ್ಶನ. ಗ್ಯಾಲಕ್ಟೋಸಿಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವವು ಅನೇಕ ಅಂಗಾಂಶಗಳಲ್ಲಿರುವುದು. ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯ ಸರಪಣಿಗಳ ತುದಿಗೆ ಗ್ಯಾಲಕ್ಟೋಸನ್ನು ಜೋಡಿಸುವುದು ಅದರ ಸಾಮಾನ್ಯ ಕೆಲಸ. ಬಿಡಿಯಾದ ಗ್ಲೂಕೋಸನ್ನು ಅದು ಸುಲಭವಾಗಿ ಸ್ವೀಕರಿಸದು. ಹಾಲೂಡುವ ಕಾಲದಲ್ಲಿ ಸ್ತನಗ್ರಂಥಿಯು ಆಲ್ಫಾ-ಲ್ಯಾಕ್ಟಾಲ್ಬುಮಿನ್ ಎಂಬ, 123 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನನ್ನು ಉತ್ಪತ್ತಿಮಾಡುವುದು. ಇದು ತಾನೇ ಸಕ್ಕರೆಗಳನ್ನು ಬೆಸೆಯಲಾರದು. ಆದರೆ ಕಿಣ್ವದೊಡನೆ ಕೂಡಿದೊಡನೆ ಆ ಕಿಣ್ವವು ಗ್ಲೂಕೋಸನ್ನೂ ಸ್ವೀಕರಿಸಿ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ನಿರ್ಮಿಸುವುದು. ಈ ಸಂಯೋಗವು ತಪ್ಪಿದರೆ ಆಗುವ ಹಾನಿಯೂ ಪರೀಕ್ಷಿತವಾಗಿದೆ. ಆಲ್ಫಾ-ಲ್ಯಾಕ್ಟಾಲ್ಬುಮಿನ್ ಇಲ್ಲದಂತೆ ಮಾಡಲ್ಪಟ್ಟ ಇಲಿಗಳ ಹಾಲು ಲ್ಯಾಕ್ಟೋಸಿಲ್ಲದೆ ಗಟ್ಟಿಯಾಯಿತೆಂದೂ, ಮರಿಗಳು ಅದನ್ನು ಹೀರಲಾರದೆ ಹೋದುವೆಂದೂ 1994ರಲ್ಲಿ ವರದಿಯಾಯಿತು.

ರೋಗಗಳ ವಿಚಾರದಲ್ಲಿ ಈ ಭೇದವು ಇನ್ನೂ ಗಹನವಾದುದು. ಹಂಟಿಂಗ್ಟನ್ ರೋಗಕ್ಕೆ ಕಾರಣವಾದ ಜೀನು 1993ರಲ್ಲಿ ಗುರುತಿಸಲ್ಪಟ್ಟಿತು. ಅದರ ಪ್ರೋಟೀನು ಶರೀರದಲ್ಲೆಲ್ಲ ವ್ಯಾಪಿಸಿದ್ದರೂ, ವಿಕಾರವು ಮುಖ್ಯವಾಗಿ ಮಿದುಳಿನ ಒಳಭಾಗದ ಸ್ಟ್ರಯೇಟಮ್ಮನ್ನು ಮೊದಲು ಹಾಳುಮಾಡುವುದು. ಆ ಭಾಗದಲ್ಲಿ ವಿಶೇಷವಾಗಿ ದೊರೆಯುವ ರೆಸ್ ಎಂಬ ಪ್ರೋಟೀನು, ವಿಕೃತ ಹಂಟಿಂಗ್ಟಿನ್ನೊಡನೆ ಕೂಡಿ ಕೋಶಗಳಿಗೆ ಅದನ್ನು ಹೆಚ್ಚು ಮಾರಕವಾಗಿಸುವುದೆಂದು 2009ರಲ್ಲಿ ಪ್ರತಿಪಾದಿತವಾಯಿತು. ಇದೊಂದೇ ಕಾರಣವೆಂದು ಸಿದ್ಧವಾಗಿಲ್ಲ. ಆದರೂ ದೋಷವು ಎಲ್ಲೆಡೆ ಇದ್ದು ನಾಶವು ಒಂದೆಡೆ ಮೊದಲಾಗುವುದೇಕೆಂಬ ಪ್ರಶ್ನೆಗೆ ಇದು ದಾರಿ ತೋರುವುದು.

ಸಂಯೋಗಗಳನ್ನು ಪತ್ತೆಹಚ್ಚುವ ಒಂದು ಪ್ರಸಿದ್ಧ ವಿಧಾನವು 1989ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ಪ್ರೋಟೀನುಗಳನ್ನು ಯೀಸ್ಟಿನ ಕೋಶದೊಳಗೆ ಒಟ್ಟಿಗಿಟ್ಟು ಪರೀಕ್ಷಿಸುವರು. ಅವು ಕೂಡಬಲ್ಲುವೆಂಬುದಕ್ಕೆ ಅದು ಸಾಕ್ಷಿ. ಮನುಷ್ಯನ ಹೃದಯದಲ್ಲಿಯೋ ಮೂತ್ರಪಿಂಡದಲ್ಲಿಯೋ ಕೂಡುವುವೆಂಬುದಕ್ಕೆ ಅಲ್ಲ. ‘ಕೂಡಬಲ್ಲುವು’, ‘ಕೂಡುವುವು’ ಎಂಬೆರಡರ ಅಂತರವನ್ನು ಮರೆತು ರಚಿಸಿದ ಸಂಯೋಗಪಟವು, ಪದಗಳನ್ನು ಮಾತ್ರ ಕೊಟ್ಟು ಪ್ರಯೋಗಗಳನ್ನು ಬಿಟ್ಟ ನಿಘಂಟಿನಂತೆ ಅಪೂರ್ಣವಾದುದು.