ಕಂಠಕ್ಕೂ ಬೇಕು ಆರೈಕೆ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟವರಿಗೆ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಎದುರಾಗುತ್ತದೆ. ಆ ಊರಿನ ಶಾಲೆಯೊಂದರ ಶಿಕ್ಷಕಿಯನ್ನು ವಾಚಕರು ಊಹಿಸಿಕೊಳ್ಳಲಿ. ಮಾರ್ಚಿ ತಿಂಗಳ ಧಗೆ. ಅರುವತ್ತು ಮಕ್ಕಳ ಗದ್ದಲ. ಕಿಟಕಿಯಾಚೆ ಲಾರಿಗಳ ಸದ್ದು. ಇವೆಲ್ಲವನ್ನೂ ಮೀರಿಸಿ ಆಕೆ ಪಾಠ ಹೇಳಬೇಕು. ಸಂಜೆಯ ವೇಳೆಗೆ ದನಿ ಒಡೆಯುತ್ತದೆ. 'ಶೀತವಿರಬೇಕು' ಎಂದು ಸುಮ್ಮನಾಗುತ್ತಾಳೆ. ತಿಂಗಳು ಕಳೆದರೂ ದನಿ ಮರಳದಿದ್ದರೆ? ಮಾತೇ ಆಕೆಯ ಅನ್ನವಲ್ಲವೆ?

ನಮ್ಮ ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಪುಟ್ಟ ಧ್ವನಿತಂತುಗಳಿವೆ. ಸ್ತ್ರೀಯರು ಮಾತನಾಡುವಾಗ ಅವು ಸೆಕೆಂಡಿಗೆ ಸುಮಾರು 200 ಸಲ, ಪುರುಷರಲ್ಲಿ ಸುಮಾರು 120 ಸಲ ಕಂಪಿಸುತ್ತವೆ. 1854ರಲ್ಲಿ ಮ್ಯಾನ್ಯುಯಲ್ ಗಾರ್ಸಿಯಾ ಎಂಬ ಗಾಯನಗುರುವು ಪುಟ್ಟ ಕನ್ನಡಿಯನ್ನೂ ಸೂರ್ಯನ ಬೆಳಕನ್ನೂ ಬಳಸಿ ತನ್ನ ಗಂಟಲೊಳಗೆ ಇವುಗಳ ಚಲನೆಯನ್ನು ಕಂಡನು. ಕುಂಟೆ ಹಿಡಿದ ಅಂಗೈ ಜಡ್ಡುಗಟ್ಟುವಂತೆ, ದಿನವೂ ಕೂಗುವವರ ತಂತುಗಳ ಮೇಲೆ ಚಿಕ್ಕ ಗಂಟುಗಳು ಮೂಡುವುದುಂಟು.

ಇಂಥ ಗಂಟುಗಳಿಗೆ ಮೊದಲ ಮದ್ದು ಶಸ್ತ್ರವಲ್ಲ, ಅಭ್ಯಾಸ. ವಾಕ್ ಚಿಕಿತ್ಸಕರು ಉಸಿರನ್ನು ಹದವಾಗಿ ಬಿಡುವುದನ್ನು, ತುಟಿ ಮುಚ್ಚಿ ಮೆಲ್ಲನೆ ಗುನುಗುವುದನ್ನು, ಕೊಳವೆಯ ಮೂಲಕ ದನಿ ಹೊರಡಿಸುವುದನ್ನು ಕಲಿಸುತ್ತಾರೆ. ವಾರಗಟ್ಟಲೆ ತಾಳ್ಮೆ ಬೇಕು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥ ಚಿಕಿತ್ಸಕರನ್ನು ತರಬೇತುಗೊಳಿಸುತ್ತಿದೆ.

ದನಿ ಬದಲಾದರೆ ಬಾಳೇ ಮುಗಿಯಿತೆಂದು ಎದೆಗುಂದಬೇಕಾಗಿಲ್ಲ. ಗಂಗೂಬಾಯಿ ಹಾನಗಲ್ ಅವರ (1913–2009) ಎಳೆಯ ದನಿಯು ಗಂಟಲಿನ ಚಿಕಿತ್ಸೆಯ ಬಳಿಕ ಗಡುಸಾಯಿತು. ಆ ದನಿಯನ್ನೇ ಅವರು ಸಾಧನೆಯಿಂದ ಪಳಗಿಸಿ, ಕಿರಾನಾ ಘರಾಣೆಯ ಹಿರಿಯ ಗಾಯಕಿಯಾದರು.

ಆದರೂ ಕೇಡು ಬರುವ ಮುನ್ನವೇ ಕಾಯುವುದು ಜಾಣತನ. ಆಗಾಗ ನೀರು ಕುಡಿಯಿರಿ. ಪದೇ ಪದೇ ಕೆಮ್ಮಿ ಗಂಟಲು ಸರಿಪಡಿಸಿಕೊಳ್ಳಬೇಡಿರಿ. ದನಿ ಬಿದ್ದಾಗ ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ, ಮೌನವೇ ಲೇಸು. ಮಕ್ಕಳನ್ನು ಸುಮ್ಮನಿರಿಸಲು ಕೂಗಿಗಿಂತ ಚಪ್ಪಾಳೆ ಮೇಲು. ಬೀಡಿ, ಸಿಗರೇಟುಗಳನ್ನು ದೂರವಿಡಿರಿ.

ದನಿಯ ಒಡಕು ಮೂರು ವಾರ ಮೀರಿದರೆ ಮನೆಮದ್ದನ್ನು ನೆಚ್ಚಿ ಕೂಡಬಾರದು. ಕೆಲವೊಮ್ಮೆ ಗಂಟಲಿನ ಅರ್ಬುದದ ಮೊದಲ ಸೂಚನೆಯೂ ಅದೇ ಆಗಿರುತ್ತದೆ; ಬೇಗ ಕಂಡರೆ ಗುಣವಾಗುವ ಆಸೆ ಹೆಚ್ಚು. ಕಮಲಾಪುರದವರು ಕಲಬುರಗಿಯ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಲು ಒಂದು ದಿನದ ರಜೆ ಸಾಕು. ವರುಷವೆಲ್ಲ ಪಾಠ ಹೇಳುವ ಕಂಠಕ್ಕೆ ಅಷ್ಟಾದರೂ ಸಲ್ಲಬೇಡವೆ?