ಜ್ವರ ಬಿಟ್ಟಿತು, ಕಾಲು ಏಳಲಿಲ್ಲ

ನಾಲ್ಕು ದಿನ ಸಣ್ಣ ಜ್ವರ, ಮೈಮೇಲೆ ದದ್ದು, ಕೆಂಪಗಾದ ಕಣ್ಣು. ಎಲ್ಲ ಇಳಿಯಿತು. ವಾರ ಕಳೆಯುವುದರೊಳಗೆ ಪಾದಗಳಲ್ಲಿ ಜುಮುಜುಮು, ಕುರ್ಚಿಯಿಂದ ಏಳಹೋದರೆ ಮಂಡಿಗೆ ಬಲವೇ ಇಲ್ಲ! ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದಲ್ಲಿ, 2013ರ ನವೆಂಬರಿನಿಂದ ಮುಂದಿನ ಫೆಬ್ರವರಿಯೊಳಗೆ, ಹೀಗೆ ಕೈಕಾಲು ಸೋತು ಆಸ್ಪತ್ರೆ ಸೇರಿದವರು 42 ಮಂದಿ. ಮೂರು ಲಕ್ಷ ಜನವೂ ಇಲ್ಲದ ದ್ವೀಪಗಳವು. ಹಿಂದಿನ ವರ್ಷಗಳಲ್ಲಿ ಬೆರಳೆಣಿಕೆಯಷ್ಟೇ ಕಾಣುತ್ತಿದ್ದ ಗಿಲನ್-ಬಾರೆ ಸಿಂಡ್ರೋಮ್ ಇದು.

ಆಗ ಊರೆಲ್ಲ ಹಬ್ಬಿದ್ದದ್ದು ಜೀಕಾ. 1947ರಲ್ಲಿ ಉಗಾಂಡದ ಜೀಕಾ ಕಾಡಿನಲ್ಲಿ, ಹಳದಿ ಜ್ವರದ ಜಾಡು ಹಿಡಿಯಲು ಪಂಜರದಲ್ಲಿಟ್ಟಿದ್ದ ಕೋತಿಯ ರಕ್ತದಲ್ಲಿ ಸಿಕ್ಕ ವೈರಸ್. ಸೋಂಕು ತಗುಲಿದ ಬಹುಪಾಲು ಜನಕ್ಕೆ ತಗುಲಿದ್ದೇ ತಿಳಿಯದಷ್ಟು ಸಾಧು! ಅದು ನರಕ್ಕೇ ಕೈಹಾಕೀತೆಂದು ಯಾರು ಎಣಿಸಿದ್ದರು?

ಸಂಶೋಧಕರು ಆ ರೋಗಿಗಳ ರಕ್ತ ನೋಡಿದರು. 42ಕ್ಕೆ 42 ಮಂದಿಯಲ್ಲೂ ಜೀಕಾವನ್ನು ಮಣಿಸುವ ಪ್ರತಿಕಾಯ! ಬೇರೆ ಕಾಯಿಲೆಗೆಂದು ಬಂದಿದ್ದವರಲ್ಲಿ ಅದು ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಮಾತ್ರ. ಈ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು 2016ರಲ್ಲಿ. ಸರಿಯಾಗಿ ನೂರು ವರ್ಷ ಹಿಂದೆ, ಮಹಾಯುದ್ಧದ ನಡುವೆ, ಗಿಲನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರ ಬೆನ್ನುಹುರಿಯ ದ್ರವ ತೆಗೆದು ಈ ರೋಗವನ್ನು ವಿವರಿಸಿದ್ದರು. (ಸ್ಟ್ರೋಲ್ ಹೆಸರು ಮಾತ್ರ ಎಲ್ಲೋ ಕಳಚಿಬಿತ್ತು, ಪಾಪ.)

ನರವನ್ನು ಕೆಡಿಸುವುದು ಸಾಮಾನ್ಯವಾಗಿ ರೋಗಾಣುವಲ್ಲ, ಅದನ್ನು ಅಟ್ಟಲು ಎದ್ದ ನಮ್ಮದೇ ರೋಗನಿರೋಧಕ ಶಕ್ತಿ. ಸೊಳ್ಳೆಗೆಂದು ಹಾಕಿದ ಹೊಗೆಗೆ ಮನೆಯವರೇ ಉಸಿರುಗಟ್ಟಿದ ಹಾಗೆ! ರೋಗಾಣುವಿನ ಮೈಯೂ ನರದ ಹೊದಿಕೆಯೂ ಒಂದೇ ಥರ ಕಂಡು, ಪ್ರತಿಕಾಯ ಮೋಸಹೋಗುತ್ತದೆ. ಆದರೆ ಇಲ್ಲಿ ಇನ್ನೊಂದು ಬೆರಗು. ಹಾಗೆ ನರಕ್ಕೆ ಎರಗುವ ಪರಿಚಿತ ಪ್ರತಿಕಾಯಗಳನ್ನು ಹುಡುಕಿದರೆ, ಹೆಚ್ಚಿನ ರೋಗಿಗಳಲ್ಲಿ ಅವು ಸಿಗಲೇ ಇಲ್ಲ!

ಹೊಡೆತ ಬಿದ್ದದ್ದು ಚಲನೆಯ ನರಗಳಿಗೆ, ಅದೂ ಸರಸರನೆ. ಹನ್ನೆರಡು ಮಂದಿಗೆ ಉಸಿರಾಡಲು ಯಂತ್ರ ಬೇಕಾಯಿತು. ಒಬ್ಬರೂ ಸಾಯಲಿಲ್ಲ. ಆಸ್ಪತ್ರೆ ಬಿಟ್ಟ ಮೂರು ತಿಂಗಳಿಗೆ ಅರ್ಧಕ್ಕಿಂತ ಹೆಚ್ಚು ಮಂದಿ ಯಾರ ಆಸರೆಯೂ ಇಲ್ಲದೆ ನಡೆಯುತ್ತಿದ್ದರು.