ನೀರಿಗೆ ದಾರಿ ಬಿಟ್ಟ ಗೋಡೆ

ಮಡಿಕೇರಿಯಲ್ಲಿ ಸಮತಟ್ಟಾದ ಸೈಟು ಸಿಗುವುದು ಅಪರೂಪ. ಗುಡ್ಡ ಕಡಿದು ಮಟ್ಟ ಮಾಡಿಕೊಂಡರೇ ಮನೆ. ಈ ಮನೆಯ ಹಿಂದೆಯೂ ಆಳೆತ್ತರದ ಧರೆ. ಜೆಸಿಬಿಯ ಹಲ್ಲು ಗೀರಿದ ಗುರುತು ಕೆಮ್ಮಣ್ಣಿನಲ್ಲಿ ಇನ್ನೂ ಹಸಿಯಾಗಿದೆ. ಮೇಲಂಚಿನಲ್ಲಿ ಕಾಫಿ ಗಿಡದ ಬೇರುಗಳು ಜೋತಾಡುತ್ತಿವೆ. ಏಪ್ರಿಲ್ ಬಿಸಿಲು. ಮುಂಗಾರಿಗೆ ಮೊದಲು ತಡೆಗೋಡೆ ಏಳಬೇಕು.

ಪಾಯದ ಕಾಂಕ್ರೀಟಿನಿಂದ 12 ಎಂಎಂ ಸರಳುಗಳು ಸಾಲಾಗಿ ಎದ್ದಿವೆ. 16 ಇಂಚು ಉದ್ದದ ಹಾಲೋ ಬ್ಲಾಕನ್ನು ತಲೆಯೆತ್ತರಕ್ಕೆ ಎತ್ತಿ, ಸರಳು ತೂತಿನೊಳಗೆ ಹೋಗುವಂತೆ ಇಳಿಸುತ್ತಾರೆ. ಮೇಸ್ತ್ರಿ ಕರಣೆಯ ಹಿಡಿಯಿಂದ ಎರಡು ಏಟು ಕೊಟ್ಟು ದಾರಕ್ಕೆ ಸರಿಮಾಡಿ, ಸಂದಿನಿಂದ ಉಕ್ಕಿದ ಗಾರೆಯನ್ನು ಬಳಿದು ಪಕ್ಕದ ಬ್ಲಾಕಿಗೆ ಹಚ್ಚುತ್ತಾರೆ. ಸರಳು ತೂತಿನ ನಡುವೆ ಇಲ್ಲ, ಧರೆಯ ಕಡೆಗೆ ಸರಿದಿದೆ. ಮಣ್ಣು ಒತ್ತಿದರೆ ಗೋಡೆ ಅಂಗಳದತ್ತ ಬಾಗಲು ನೋಡುತ್ತದೆ, ಹಿಂಬದಿ ಎಳೆತಕ್ಕೆ ಸಿಗುತ್ತದೆ. ಆ ಎಳೆತ ತಾಳುವುದು ಕಬ್ಬಿಣ. ಹಾಗಾಗಿ ತೂತುಗಳಿಗೆ ಕಾಂಕ್ರೀಟ್ ತುಂಬುವಾಗ ಸರಳು ಅಲುಗದಂತೆ ಒಬ್ಬ ಹಿಡಿದೇ ನಿಲ್ಲುತ್ತಾನೆ.

ಕೆಳಗಿನ ವರಸೆಯಲ್ಲೇ ಪಿವಿಸಿ ಪೈಪಿನ ತುಂಡುಗಳು ಕೂರುತ್ತವೆ. “ಹೊರಗಡೆಗೆ ವಾಟ ಕೊಡು ಮಾರಾಯ, ನೀರು ಒಳಗೆ ನಿಂತ್ರೆ ಗೋಡೆ ನಿಲ್ಲಲ್ಲ,” ಎನ್ನುತ್ತಾರೆ ಮೇಸ್ತ್ರಿ. ಇಡೀ ಕೆಲಸದ ಜೀವ ಇರುವುದು ಇಲ್ಲೇ. ಒಂದು ಮೀಟರ್ ಆಳಕ್ಕೆ ನಿಂತ ನೀರು ತಳದಲ್ಲಿ ಚದರ ಮೀಟರಿಗೆ ಒಂದು ಟನ್ ಒತ್ತುತ್ತದೆ. ಆಳ ಇಮ್ಮಡಿಯಾದರೆ ಗೋಡೆಯ ಮೇಲಿನ ಒಟ್ಟು ಒತ್ತಡ ನಾಲ್ಕು ಪಟ್ಟು. ಗೋಡೆಯ ಬೆನ್ನಿಗೆ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಸೋಸುವ ಬಟ್ಟೆ. ಕಡಿದ ಮಣ್ಣು ಪುಕ್ಕಟೆ ಸಿಗುತ್ತದೆಂದು ಜಲ್ಲಿಯ ಬದಲು ಅದನ್ನೇ ತುಂಬುವವರಿದ್ದಾರೆ. ಕಲೆಯಾಗುತ್ತದೆಂದು ಪೈಪಿನ ಬಾಯಿಗೆ ಸಿಮೆಂಟ್ ಮೆತ್ತುವವರೂ ಇದ್ದಾರೆ. ಇದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಲಕ್ಷಗಟ್ಟಲೆ ಸುರಿದು ಕಟ್ಟಿದ ಗೋಡೆಯ ಹಿಂದೆ ತಾವೇ ಕೆರೆ ಕಟ್ಟಿಕೊಳ್ಳುತ್ತಾರೆ.

2018ರ ಆಗಸ್ಟ್ ಮಳೆಗೆ ಮಡಿಕೇರಿ ಆಸುಪಾಸಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. ಅಂಥ ಕುಸಿತವನ್ನು ಯಾವ ಮನೆಯ ತಡೆಗೋಡೆಯೂ ತಡೆಯಲಾರದು. ಹಿತ್ತಲ ಧರೆಯನ್ನು ಹಿಡಿದು ನಿಲ್ಲಿಸುವುದಷ್ಟೇ ಇದರ ಕೆಲಸ. ಅದಕ್ಕೂ ಧರೆಯ ನೆತ್ತಿಯಲ್ಲಿ ಒಂದು ಚರಂಡಿ ಬೇಕು, ಮೇಲಿನ ನೀರು ಗೋಡೆಯ ಹಿಂದಕ್ಕೆ ಇಳಿಯದೆ ಪಕ್ಕಕ್ಕೆ ಹೋಗುವಂತೆ.

“ನಾಳೆಯೇ ಮಣ್ಣು ತುಂಬಿಸ್ಬಹುದಾ?” ಎಂದು ಮನೆಯವರು ಕೇಳಿದರು.

“ಇಲ್ಲ ಸಾರ್, ಗೋಡೆ ಹಸಿ ಇದೆ. ಚೆನ್ನಾಗಿ ನೀರು ಕುಡೀಲಿ. ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ ದಮ್ಮಸ್ಸು ಮಾಡೋಣ. ಜೆಸಿಬಿ ಮಾತ್ರ ಗೋಡೆ ಹತ್ರ ತರ್ಸ್ಬೇಡಿ.”